ಸನದು ಅಮಾನತಿನಲ್ಲಿಟ್ಟು ಪಾಠ ಹೇಳುವವರಿಗೆ ಜೈಲು ಸುಧಾರಣೆಯ ಕೆಲಸ ಸಾಧ್ಯವೇ?

ನೇರಳೆ

ಎಲ್‌ಎಲ್‌ಎಂ ಮುಗಿಸಿದ ಮೇಲೆ ಎರಡು ವರ್ಷ ಜಿಲ್ಲಾ ನ್ಯಾಯಾಲಯವೊಂದರಲ್ಲಿ ಹಿರಿಯ ವಕೀಲರೊಬ್ಬರ ಬಳಿ ಕ್ರಿಮಿನಲ್ ಪ್ರಕರಣಗಳಲ್ಲಿ ಕೆಲಸ ಕಲಿತಿದ್ದೇನೆ. ಈ ನಡುವೆ ಅಧ್ಯಾಪಕರ ಅರ್ಹತೆಯ ನೆಟ್ ಪರೀಕ್ಷೆಯೂ ಆಗಿ, ಕಾನೂನು ಕಾಲೇಜೊಂದರಲ್ಲಿ ಪೂರ್ಣಾವಧಿ ಸಹಾಯಕ ಪ್ರಾಧ್ಯಾಪಕಿಯ ಹುದ್ದೆಗೆ ಕರೆ ಬಂದಿದೆ. ಪಾಠ ಹೇಳುವುದು ನನಗೆ ಇಷ್ಟದ ಕೆಲಸ, ಅದರಲ್ಲಿ ಅನುಮಾನವಿಲ್ಲ. ಆದರೆ ನಾನು ಈ ಕ್ಷೇತ್ರಕ್ಕೆ ಬಂದದ್ದೇ ವಿಚಾರಣಾಧೀನ ಕೈದಿಗಳ ಪರವಾಗಿ ಕೆಲಸ ಮಾಡಬೇಕೆಂಬ ಆಸೆಯಿಂದ. ವಾಯಿದೆಯ ದಿನ ಪೊಲೀಸ್ ವ್ಯಾನಿನಿಂದ ಇಳಿದು, ನ್ಯಾಯಾಲಯದ ಮೆಟ್ಟಿಲ ಬಳಿ ತಮ್ಮ ವಕೀಲರು ಯಾರೆಂದು ಸಿಕ್ಕವರನ್ನೆಲ್ಲ ಕೇಳುವ ಜನರನ್ನು ವಾರಕ್ಕೆ ಮೂರು ಸಲವಾದರೂ ನೋಡುತ್ತೇನೆ.

ಹುದ್ದೆಗೆ ಸೇರಿದರೆ ಸನದನ್ನು, ಅಂದರೆ ವಕೀಲಿ ಮಾಡುವ ಪರವಾನಗಿಯನ್ನು, ಅಮಾನತಿನಲ್ಲಿಡಬೇಕಾಗುತ್ತದೆ. ನಮ್ಮ ಸೀನಿಯರ್ ಅವರು, ಕೋಟು ಕಳಚಿಟ್ಟ ಮೇಲೆ ಜೈಲಿನ ಗೇಟಿನಲ್ಲಿ ನೀನು ಬರೀ ಸಂದರ್ಶಕಿ, ಅಲ್ಲಿ ನಿನ್ನ ಮಾತು ಯಾರೂ ಕೇಳುವುದಿಲ್ಲ ಎನ್ನುತ್ತಾರೆ. ಆದರೆ ದೆಹಲಿ ವಿಶ್ವವಿದ್ಯಾಲಯದ ಉಪೇಂದ್ರ ಬಕ್ಷಿ ಮತ್ತು ಲೋತಿಕಾ ಸರ್ಕಾರ್ ಅವರು ಪ್ರಾಧ್ಯಾಪಕರಾಗಿದ್ದುಕೊಂಡೇ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದು ಬಂಧಿತ ಮಹಿಳೆಯರ ಪ್ರಕರಣವೊಂದನ್ನು ನಡೆಸಿದರೆಂದು ಪಠ್ಯದಲ್ಲಿ ಓದಿದ್ದೇವೆ. ಅದು ಆ ಕಾಲಕ್ಕೆ, ಆ ನ್ಯಾಯಮೂರ್ತಿಗಳಿಗೆ ಮಾತ್ರ ಹೊಂದಿದ ಮಾತೇ? ಕಾನೂನು ಅಧ್ಯಾಪಕರೊಬ್ಬರು ಇಂದು ಜೈಲು ಸುಧಾರಣೆಗಾಗಿ ನಿಜವಾಗಿ ಏನು ಮಾಡಬಹುದು, ಏನು ಮಾಡಲಾಗುವುದಿಲ್ಲ ಎಂಬುದನ್ನು ಅನುಭವ ಇರುವವರು ತಿಳಿಸಿದರೆ ಉಪಕಾರವಾಗುತ್ತದೆ. ಈ ತಿಂಗಳ ಕೊನೆಯೊಳಗೆ ಉತ್ತರ ಕೊಡಬೇಕಿದೆ.

ಕರಿಕೋಟು

ಮೇಡಂ, ನಿಮ್ಮ ಸೀನಿಯರ್ ಅವರ ಮಾತು ಒರಟಾಗಿದ್ದರೂ ಅದರಲ್ಲಿ ಹುರುಳಿದೆ. ಮೊದಲು ನಿಯಮ ನೋಡೋಣ. ಭಾರತೀಯ ವಕೀಲರ ಪರಿಷತ್ತಿನ ನಿಯಮ 49ರ ಪ್ರಕಾರ ಪೂರ್ಣಾವಧಿ ಸಂಬಳದ ನೌಕರಿಯಲ್ಲಿರುವವರು ವಕೀಲಿ ಮಾಡುವಂತಿಲ್ಲ. ವಕೀಲರು ಕಾನೂನು ಪಾಠ ಹೇಳಲು ಅವಕಾಶ ಕೊಡುವ 1979ರ ನಿಯಮಗಳು ಬೇರೆಯೇ ಇವೆ. ಆದರೆ ದಿನಕ್ಕೆ ಮೂರು ಗಂಟೆ ಮೀರದಂತೆ ಪಾಠ ಮಾಡುವ ಅರೆಕಾಲಿಕರಿಗಷ್ಟೇ ಅವು ಅನ್ವಯ. ಅಂದರೆ ವೃತ್ತಿಯನ್ನು ಉಳಿಸಿಕೊಂಡು ಸಂಜೆ ಕಾಲೇಜಿನಲ್ಲಿ ಪಾಠ ಹೇಳುವ ದಾರಿ ನಿಮಗಿದೆ. ಯುಜಿಸಿ ವೇತನದ ಹುದ್ದೆ ಹಿಡಿದು ಮಧ್ಯಾಹ್ನ ವಕಾಲತ್ತು ಹಾಕುವ ದಾರಿ ಮಾತ್ರ ಇಲ್ಲ.

ವಕೀಲರ ಅಧಿನಿಯಮದ 32ನೇ ಕಲಮಿನಡಿ ಸನದಿಲ್ಲದವರಿಗೂ ನಿರ್ದಿಷ್ಟ ಪ್ರಕರಣವೊಂದರಲ್ಲಿ ಹಾಜರಾಗಲು ನ್ಯಾಯಾಲಯ ಅನುಮತಿ ಕೊಡಬಹುದು ಎಂದು ಯಾರಾದರೂ ಇಲ್ಲಿ ಬರೆಯುತ್ತಾರೆ, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ: ಅದನ್ನು ನೆಚ್ಚಿಕೊಂಡು ಒಬ್ಬ ಮನುಷ್ಯನ ಜಾಮೀನು ಅರ್ಜಿಯನ್ನು ನಡೆಸಲಾಗುವುದಿಲ್ಲ.

ನಾನು ಹನ್ನೊಂದು ವರ್ಷದಿಂದ, ಬಡವರಿಗೆ ಉಚಿತವಾಗಿ ವಕೀಲರನ್ನು ಒದಗಿಸುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಪ್ಯಾನೆಲ್ಲಿನಲ್ಲಿದ್ದೇನೆ. ಜೈಲಿನಲ್ಲಿ ನಾನು ಕಾಣುವ ಸಂಕಟ ಬಹುಪಾಲು ದೊಡ್ಡ ಸಂವಿಧಾನದ ಪ್ರಶ್ನೆಯಲ್ಲ. ಜಾಮೀನು ಸಿಕ್ಕಿರುತ್ತದೆ, ಪಹಣಿ ಹಿಡಿದು ಜಾಮೀನುದಾರನಾಗಿ ಬಂದು ನಿಲ್ಲುವವರು ಇರುವುದಿಲ್ಲ. 1978ರಲ್ಲಿಯೇ ಮೋತಿರಾಮ್ ಎಂಬ ಗಾರೆ ಕೆಲಸದವರ ಪ್ರಕರಣದಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಇದನ್ನೇ ಹೇಳಿದ್ದರು. ಅಲ್ಲಿ ಮ್ಯಾಜಿಸ್ಟ್ರೇಟರು ಹತ್ತು ಸಾವಿರ ರೂಪಾಯಿಯ ಜಾಮೀನು ಕೇಳಿದ್ದಲ್ಲದೆ, ಜಾಮೀನು ನಿಂತ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂಬ ಕಾರಣಕ್ಕೆ ಆ ಜಾಮೀನನ್ನೇ ತಿರಸ್ಕರಿಸಿದ್ದರು. ನಲವತ್ತೈದು ವರ್ಷ ದಾಟಿದ ಮೇಲೂ ಹೊರಜಿಲ್ಲೆಯ ಪಹಣಿ ಕಂಡರೆ ಮುಖ ಸಿಂಡರಿಸುವ ನ್ಯಾಯಾಲಯಗಳಲ್ಲಿ ನಾನು ನಿಂತಿದ್ದೇನೆ. ಅಲ್ಲಿ ಬೇಕಾದದ್ದು ಎದ್ದು ನಿಂತು ವಾದಿಸುವ ಒಬ್ಬ ವಕೀಲೆ. ಲೇಖನ ಬರೆಯುವವರು ನಮ್ಮಲ್ಲಿ ಕಡಿಮೆಯಿಲ್ಲ. ಪತ್ರವೊಂದನ್ನು ಬರೆದು ಸುಪ್ರೀಂ ಕೋರ್ಟಿನಿಂದ ಕೆಲಸ ಮಾಡಿಸಿದ ಕಾಲ ಮುಗಿದಿದೆ ಎಂಬುದು ನನ್ನ ಅಭಿಪ್ರಾಯ.

ಹಳೆಯ ಮೇಷ್ಟ್ರು

ಕರಿಕೋಟು ಅವರು ನಿಯಮದ ಬಗ್ಗೆ ಬರೆದದ್ದೆಲ್ಲ ಸರಿ. ಕೊನೆಯ ವಾಕ್ಯವನ್ನು ಮಾತ್ರ ನಾನು ಒಪ್ಪುವುದಿಲ್ಲ. ಅದಕ್ಕೆ ಕಾರಣ ಹೇಳಬೇಕಾದರೆ ಬಕ್ಷಿ ಮತ್ತು ಸರ್ಕಾರ್ ಅವರ ಪ್ರಕರಣವನ್ನು ಪಠ್ಯಪುಸ್ತಕದ ಎರಡು ಸಾಲಿನಿಂದ ಹೊರಗೆ ತಂದು ನೋಡಬೇಕಾಗುತ್ತದೆ.

ಲೋತಿಕಾ ಸರ್ಕಾರ್ ಅವರು ಕೇಂಬ್ರಿಜ್‌ನಲ್ಲಿ ಕಾನೂನಿನಲ್ಲಿ ಡಾಕ್ಟರೇಟ್ ಪಡೆದು ಬಂದು ದೆಹಲಿ ವಿಶ್ವವಿದ್ಯಾಲಯದ ಕಾನೂನು ವಿಭಾಗದಲ್ಲಿ ಪಾಠ ಹೇಳಿದವರು. 1974ರಲ್ಲಿ ವರದಿ ಕೊಟ್ಟ ಭಾರತದ ಮಹಿಳೆಯರ ಸ್ಥಾನಮಾನ ಕುರಿತ ಸಮಿತಿಯ ಸದಸ್ಯೆ. ಬಕ್ಷಿ ಅವರು ರಾಜಕೋಟದಲ್ಲಿ ಹುಟ್ಟಿ, ಸಿಡ್ನಿಯಲ್ಲಿ ಪಾಠ ಹೇಳಿ, 1973ರಲ್ಲಿ ದೆಹಲಿಗೆ ಬಂದವರು. ಮುಂದೆ ದಕ್ಷಿಣ ಗುಜರಾತ್ ವಿಶ್ವವಿದ್ಯಾಲಯಕ್ಕೂ 1990ರಿಂದ 1994ರವರೆಗೆ ದೆಹಲಿ ವಿಶ್ವವಿದ್ಯಾಲಯಕ್ಕೂ ಕುಲಪತಿಗಳಾದರು, ಆಮೇಲೆ ಇಂಗ್ಲೆಂಡಿನ ವಾರ್ವಿಕ್‌ಗೆ ಹೋದರು. ಇಬ್ಬರೂ ನ್ಯಾಯಾಲಯದಲ್ಲಿ ಗಂಟಲು ಹರಿದುಕೊಂಡು ಹೆಸರು ಮಾಡಿದವರಲ್ಲ. 1979ರ ಸೆಪ್ಟೆಂಬರಿನಲ್ಲಿ ಇವರಿಬ್ಬರೂ ವಸುಧಾ ಧಗಮ್‌ವಾರ್ ಮತ್ತು ರಘುನಾಥ ಕೇಲ್ಕರ್ ಅವರೊಂದಿಗೆ ಸೇರಿ ಭಾರತದ ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಪೊಲೀಸ್ ಠಾಣೆಯೊಳಗೆ ಅತ್ಯಾಚಾರಕ್ಕೆ ಒಳಗಾದ ಮಥುರಾ ಎಂಬ ಬುಡಕಟ್ಟು ಹುಡುಗಿಯ ಪ್ರಕರಣದಲ್ಲಿ ಇಬ್ಬರು ಪೊಲೀಸರನ್ನು ಬಿಡುಗಡೆ ಮಾಡಿದ ತೀರ್ಪನ್ನು ಆ ಪತ್ರ ಸಾಲು ಸಾಲಾಗಿ ಪರೀಕ್ಷಿಸಿತ್ತು. ತೀರ್ಪು ಬದಲಾಗಲಿಲ್ಲ. ಆದರೆ ದೇಶದಾದ್ಯಂತ ಎದ್ದ ಚಳವಳಿಯ ಕೊನೆಗೆ 1983ರ ತಿದ್ದುಪಡಿ ಬಂದು, ಅಭಿರಕ್ಷೆಯಲ್ಲಿ ನಡೆಯುವ ಅತ್ಯಾಚಾರ ದಂಡಸಂಹಿತೆಯಲ್ಲಿ ಪ್ರತ್ಯೇಕವಾಗಿ ಸೇರಿತು.

ನೇರಳೆ ಅವರು ಪಠ್ಯದಲ್ಲಿ ಓದಿದ ಆಗ್ರಾ ಪ್ರಕರಣ ಇದರ ಬೆನ್ನಿಗೇ ಬಂತು. 1981ರಲ್ಲಿ ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆಯಲ್ಲಿ ಆಗ್ರಾದ ಮಹಿಳಾ ರಕ್ಷಣಾ ಗೃಹದ ಸ್ಥಿತಿಯ ಬಗ್ಗೆ ಪ್ರಕಟವಾದದ್ದನ್ನು ಆಧರಿಸಿ ಬಕ್ಷಿ ಮತ್ತು ಸರ್ಕಾರ್ ಅವರು ಸುಪ್ರೀಂ ಕೋರ್ಟಿಗೆ ಪತ್ರ ಬರೆದರು, ನ್ಯಾಯಾಲಯ ಅದನ್ನೇ ರಿಟ್ ಅರ್ಜಿಯೆಂದು ಸ್ವೀಕರಿಸಿತು. ಗಮನಿಸಿ, ಅದು ಕಾನೂನಿನ ಲೆಕ್ಕದಲ್ಲಿ ಜೈಲೇ ಅಲ್ಲ. ಅನೈತಿಕ ವ್ಯವಹಾರ ತಡೆಯ ಕಾನೂನಿನಡಿ ‘ರಕ್ಷಿಸಿ’ ತಂದ ಮಹಿಳೆಯರನ್ನು ಇಡುವ ಜಾಗ. ಕಾಗದದ ಮೇಲೆ ರಕ್ಷಣೆ, ಬಾಗಿಲಿಗೆ ಬೀಗ. ಶಿಕ್ಷೆಯಾಗದವರಿಗೆ ಶಿಕ್ಷೆಯ ಅವಧಿಯೂ ಇರುವುದಿಲ್ಲವಲ್ಲ, ಆದ್ದರಿಂದ ಬಿಡುಗಡೆಯ ದಿನವೂ ಗೊತ್ತಿರುವುದಿಲ್ಲ. ಜೈಲು ಸುಧಾರಣೆ ಎಂದಾಗ ಕೇಂದ್ರ ಕಾರಾಗೃಹದ ಗೋಡೆಯನ್ನಷ್ಟೇ ನೋಡುತ್ತಿದ್ದವರಿಗೆ ಇಂಥ ಜಾಗಗಳೂ ಕಾಣುವಂತಾದದ್ದು ಅಂದು.

ನನಗೆ ಮುಖ್ಯವೆನಿಸುವುದು ಪತ್ರವಲ್ಲ, ಪತ್ರದ ನಂತರದ ಕಥೆ. ನ್ಯಾಯಾಲಯ ಆಗ್ರಾದ ಜಿಲ್ಲಾ ನ್ಯಾಯಾಧೀಶರಿಗೆ ತಿಂಗಳು ತಿಂಗಳು ಆ ಗೃಹವನ್ನು ಪರಿಶೀಲಿಸಿ ವರದಿ ಕೊಡುವಂತೆ ಹೇಳಿತು. ವರದಿಗಳು ಬಂದವು, ಆದೇಶಗಳಾದವು, ಮತ್ತೆ ವರದಿಗಳು ಬಂದವು. 1983ರಲ್ಲೊಂದು, 1986ರಲ್ಲೊಂದು ಎಂದು ತೀರ್ಪಿನ ಸಂಪುಟಗಳಲ್ಲಿ ಆ ಪ್ರಕರಣ ತಲೆಯೆತ್ತುತ್ತಲೇ ಹೋಗಿ, 1997ರಲ್ಲಿ ಮೇಲ್ವಿಚಾರಣೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಕೈಗೆ ಹೋಯಿತು. ಹದಿನಾರು ವರ್ಷ! ಕಕ್ಷಿದಾರರ ಶುಲ್ಕದ ಮೇಲೆ ನಿಂತ ಯಾವ ಕಚೇರಿ ಇಷ್ಟು ಕಾಲ ಒಂದೇ ಕಟ್ಟಡದ ಬೆನ್ನು ಹತ್ತಲು ಸಾಧ್ಯ? ತಿಂಗಳ ಸಂಬಳ, ಗ್ರಂಥಾಲಯ, ವರ್ಷ ವರ್ಷ ಬದಲಾಗುವ ವಿದ್ಯಾರ್ಥಿಗಳು, ಇವು ಮೂರೂ ಇರುವ ಅಧ್ಯಾಪಕರಿಗೆ ಅದು ಸಾಧ್ಯ. ಆ ಹದಿನಾರು ವರ್ಷಗಳಲ್ಲಿ ಗೃಹದೊಳಗಿನ ಬದುಕು ಎಷ್ಟು ಬದಲಾಯಿತು ಎಂಬುದು ಬೇರೆಯೇ ಪ್ರಶ್ನೆ, ಅದಕ್ಕೆ ಉತ್ತರ ಅಷ್ಟೇನೂ ಹೆಮ್ಮೆಯದಲ್ಲ ಎಂದು ನಾನೂ ಒಪ್ಪುತ್ತೇನೆ. ಬಕ್ಷಿ ಅವರೇ ಇಂಥ ದಾವೆಗಳ ಮಿತಿಗಳ ಬಗ್ಗೆ ಧಾರಾಳವಾಗಿ ಬರೆದಿದ್ದಾರೆ. ‘ಸಾರ್ವಜನಿಕ ಹಿತಾಸಕ್ತಿ ಮೊಕದ್ದಮೆ’ ಎಂಬ ಹೆಸರೂ ಅವರಿಗೆ ರುಚಿಸದೆ, ಅದನ್ನು ‘ಸೋಷಿಯಲ್ ಆ್ಯಕ್ಷನ್ ಲಿಟಿಗೇಶನ್’ ಎಂದು ಕರೆದರು.

ಇನ್ನು ಪತ್ರದ ಕಾಲ ಮುಗಿಯಿತೆಂಬ ಮಾತು. ಯಾವ ವಿಷಯದ ಪತ್ರಗಳನ್ನು ಅರ್ಜಿಯಾಗಿ ಸ್ವೀಕರಿಸಬಹುದೆಂದು 1988ರಲ್ಲಿ ಸುಪ್ರೀಂ ಕೋರ್ಟು ಮಾಡಿಕೊಂಡ ಪಟ್ಟಿಯಲ್ಲಿ ಜೈಲಿನಿಂದ ಬರುವ ದೂರುಗಳೂ ಇವೆ. 2013ರ ಜೂನ್‌ನಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಆರ್.ಸಿ. ಲಾಹೋಟಿ ಅವರು ಬರೆದ ಪತ್ರದಿಂದಲೇ 1,382 ಜೈಲುಗಳ ಅಮಾನವೀಯ ಸ್ಥಿತಿ ಕುರಿತ ಪ್ರಕರಣ ಹುಟ್ಟಿದ್ದು. ಪ್ರತಿ ಜಿಲ್ಲೆಯಲ್ಲೂ ವಿಚಾರಣಾಧೀನ ಕೈದಿಗಳ ಪರಿಶೀಲನಾ ಸಮಿತಿ ಇರಬೇಕೆಂಬ 2015ರ ಆದೇಶ ಅದೇ ಪ್ರಕರಣದ್ದು. ಬರೆದವರು ಮಾಜಿ ಮುಖ್ಯ ನ್ಯಾಯಮೂರ್ತಿಗಳಾದ್ದರಿಂದ ಓದಿದರು ಎಂದು ಕರಿಕೋಟು ಅವರು ಹೇಳಬಹುದು, ಹೇಳಲಿ.

ಇತ್ತೀಚಿನ ಉದಾಹರಣೆಯನ್ನೂ ಕೊಡುತ್ತೇನೆ. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದಲ್ಲಿ ಅನೂಪ್ ಸುರೇಂದ್ರನಾಥ್ ಅವರ ನೇತೃತ್ವದಲ್ಲಿ ವಿದ್ಯಾರ್ಥಿಗಳು ದೇಶದ ಜೈಲುಗಳಿಗೆ ಹೋಗಿ ಮರಣದಂಡನೆಗೆ ಗುರಿಯಾದವರನ್ನೂ ಅವರ ಮನೆಯವರನ್ನೂ ಮಾತಾಡಿಸಿದರು. ಆಗ ಅಂಥ 385 ಮಂದಿ ಇದ್ದರು, 373 ಮಂದಿಯ ವಿವರ ಸಿಕ್ಕಿತು. 2016ರಲ್ಲಿ ಹೊರಬಂದ ಆ ವರದಿಯ ಪ್ರಕಾರ ಅವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಆರ್ಥಿಕವಾಗಿ ದುರ್ಬಲರು. ಅದುವರೆಗೆ ‘ಬಡವರಿಗೇ ಗಲ್ಲು’ ಎಂಬುದು ಭಾಷಣದ ಮಾತಾಗಿತ್ತು. ಎಣಿಸಿ ತೋರಿಸಿದವರು ಒಬ್ಬ ಮೇಷ್ಟ್ರು ಮತ್ತು ಅವರ ತರಗತಿ.

ಮೂರನೇ ಗೇಟು

ನಾನು ಕಾರಾಗೃಹ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತನಾದವನು. ಹೆಚ್ಚು ಕಾಲ ಕಚೇರಿಯ ರಿಜಿಸ್ಟರುಗಳ ಮುಂದೆ ಕಳೆದದ್ದರಿಂದ ಅಲ್ಲಿ ಕಂಡದ್ದನ್ನು ಹೇಳುತ್ತೇನೆ.

ಕಾಲೇಜಿನವರು ವರ್ಷಕ್ಕೊಮ್ಮೆ ಬಸ್ಸಿನಲ್ಲಿ ಬರುತ್ತಿದ್ದರು. ವಿದ್ಯಾರ್ಥಿಗಳಿಗೆ ಅಡುಗೆಮನೆ, ಮಗ್ಗದ ಘಟಕ, ಗ್ರಂಥಾಲಯ ತೋರಿಸುವುದು, ಸಾಹೇಬರು ಹತ್ತು ನಿಮಿಷ ಮಾತಾಡುವುದು, ಗೇಟಿನ ಮುಂದೆ ಫೋಟೊ. ಬಂಧಿಗಳು ಬ್ಯಾರಕ್ಕಿನ ಕಂಬಿಯ ಹಿಂದಿನಿಂದ ಇವರನ್ನು ನೋಡುವುದು, ಇವರು ಅವರನ್ನು ನೋಡುವುದು. ಇದರಿಂದ ಯಾರಿಗೂ ಏನೂ ಆಗಲಿಲ್ಲ. ನೇರಳೆ ಅವರು ಪ್ರಾಧ್ಯಾಪಕರಾದರೆ ದಯವಿಟ್ಟು ಈ ಪ್ರವಾಸವನ್ನು ಮಾಡಿಸಬೇಡಿ.

ಒಬ್ಬ ಅಧ್ಯಾಪಕರು ಮಾತ್ರ ಬೇರೆ ರೀತಿಯವರಿದ್ದರು. ಅವರು ಕಾನೂನು ಸೇವಾ ಪ್ರಾಧಿಕಾರದ ಅನುಮತಿ ಪತ್ರದೊಂದಿಗೆ ನಾಲ್ಕೈದು ವಿದ್ಯಾರ್ಥಿಗಳನ್ನು ಕರೆದುಕೊಂಡು ಹದಿನೈದು ದಿನಕ್ಕೊಮ್ಮೆ ಶನಿವಾರ ಬಂದು ಕಾನೂನು ನೆರವು ಕ್ಲಿನಿಕ್ಕಿನ ಕೋಣೆಯಲ್ಲಿ ಕೂರುತ್ತಿದ್ದರು. ಮೊದಲ ಆರು ತಿಂಗಳು ಅವರು ಮಾಡಿದ್ದು ಒಂದೇ ಕೆಲಸ, ದಿನಾಂಕ ಬರೆದುಕೊಳ್ಳುವುದು. ಹೆಸರು, ಅಪರಾಧದ ಕಲಮು, ಬಂಧನದ ದಿನ, ಮುಂದಿನ ವಾಯಿದೆ, ವಕೀಲರು ಇದ್ದಾರೋ ಇಲ್ಲವೋ. ನಮ್ಮವರಿಗೆ ಇದು ತಮಾಷೆಯಾಗಿತ್ತು, ಏಕೆಂದರೆ ಆ ಮಾಹಿತಿ ನಮ್ಮಲ್ಲಿ ಇದ್ದೇ ಇತ್ತು.

ಒಂದು ದಿನ ಅವರಲ್ಲೊಬ್ಬ ಹುಡುಗಿ ನನ್ನ ಮೇಜಿನ ಬಳಿ ಬಂದು, ‘ಸರ್, ಈ ವ್ಯಕ್ತಿಯ ದಿನಾಂಕ ಅವರು ಹೇಳುವುದಕ್ಕೂ ನಿಮ್ಮ ಪುಸ್ತಕಕ್ಕೂ ಹೊಂದುತ್ತಿಲ್ಲ’ ಎಂದಳು. ಮನೆಗಳವಿನ ಆರೋಪಿ, ಹಳೆಯ ದಂಡಸಂಹಿತೆಯ 380ನೇ ಕಲಮು, ಗರಿಷ್ಠ ಶಿಕ್ಷೆ ಏಳು ವರ್ಷ. ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ವಿಚಾರಣಾಧೀನನಾಗಿ ಕಳೆದವರನ್ನು ಬಿಡುಗಡೆಗೆ ಪರಿಗಣಿಸಬೇಕೆಂಬ, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 436ಎ ಕಲಮು ಆಗ ಜಾರಿಯಲ್ಲಿತ್ತು, ಅಂದರೆ ಅವನಿಗೆ ಮೂರೂವರೆ ವರ್ಷ. ನಮ್ಮ ಪುಸ್ತಕದಲ್ಲಿ ಮೂರು ವರ್ಷವಷ್ಟೇ ಆಗಿತ್ತು. ಅವನು ಮಾತ್ರ, ಮೂರು ದೀಪಾವಳಿಯಲ್ಲ, ನಾಲ್ಕು ದೀಪಾವಳಿಯಾಯಿತು ಎನ್ನುತ್ತಿದ್ದನಂತೆ. ಹಳೆಯ ವಾರಂಟನ್ನು ತೆಗೆಸಿ ನೋಡಿದಾಗ ವಿಷಯ ತಿಳಿಯಿತು. ಅವನು ಮೊದಲ ಎಂಟು ತಿಂಗಳು ತಾಲ್ಲೂಕಿನ ಉಪ ಕಾರಾಗೃಹದಲ್ಲಿದ್ದ. ನಮ್ಮಲ್ಲಿಗೆ ವರ್ಗವಾಗಿ ಬಂದ ದಿನವನ್ನೇ ಯಾರೋ ಮೊದಲ ದಿನವೆಂದು ಬರೆದಿದ್ದರು. ಬೇಕೆಂದು ಮಾಡಿದ್ದಲ್ಲ, ಅಂದು ಒಂದೇ ವ್ಯಾನಿನಲ್ಲಿ ನಲವತ್ತು ಜನ ಬಂದಿದ್ದರು. ಆ ‘ಯಾರೋ’ ನಾನೇ ಇರಬಹುದೆಂಬ ಅನುಮಾನ ನನಗೆ ಈಗಲೂ ಇದೆ. ಕೈಬರಹ ನನ್ನದರಂತೆಯೇ ಇತ್ತು.

ಅಧ್ಯಾಪಕರು ಅದನ್ನು ಪತ್ರಿಕೆಗೆ ಕೊಡಲಿಲ್ಲ. ಒಂದು ಪುಟದ ಟಿಪ್ಪಣಿ ಬರೆದು ಪ್ರಾಧಿಕಾರದ ಕಾರ್ಯದರ್ಶಿಗಳಿಗೆ ಕೊಟ್ಟರು. ಅರ್ಜಿ ಹಾಕಿದ್ದು ಪ್ಯಾನೆಲ್ ವಕೀಲರೇ. ಮೂರನೇ ವಾರ ಅವನು ಸ್ವಂತ ಮುಚ್ಚಳಿಕೆಯ ಮೇಲೆ ಹೊರಗೆ ಹೋದ. ಆಮೇಲೆ ನಮ್ಮ ಸೂಪರಿಂಟೆಂಡೆಂಟರು ವರ್ಗವಾಗಿ ಬಂದ ಎಲ್ಲರ ವಾರಂಟನ್ನೂ ಮತ್ತೊಮ್ಮೆ ತೆಗೆಸಿ ನೋಡಿಸಿದರು. ಇನ್ನೂ ಕೆಲವು ತಪ್ಪುಗಳು ಸಿಕ್ಕವು.

ಈಗ 436ಎ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479 ಬಂದಿದೆ. ಹಿಂದೆ ಶಿಕ್ಷೆಯಾಗದವರಿಗೆ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಕಳೆದರೆ ಸಾಕು, ಮತ್ತು ನ್ಯಾಯಾಲಯಕ್ಕೆ ಲಿಖಿತವಾಗಿ ತಿಳಿಸುವ ಹೊಣೆ ಸೂಪರಿಂಟೆಂಡೆಂಟರದ್ದೇ. ಮರಣದಂಡನೆ ಅಥವಾ ಜೀವಾವಧಿ ಇರುವ ಅಪರಾಧಗಳಿಗೆ ಇದು ಅನ್ವಯಿಸದು. ಅದರ ಎರಡನೇ ಉಪಕಲಮಿನಡಿ ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿ ಇದ್ದವರಿಗೂ ಬಾಗಿಲು ಮುಚ್ಚಿದೆ. ಸಣ್ಣ ಕಳವಿನವರ ಮೇಲೆಯೇ ಎರಡು ಮೂರು ಪ್ರಕರಣ ಇರುವುದು ಹೆಚ್ಚು ಎಂಬುದು ಜೈಲಿನಲ್ಲಿದ್ದವರಿಗೆಲ್ಲ ಗೊತ್ತು. ಈ ಕಲಮಿನಿಂದ ನಿಜಕ್ಕೂ ಎಷ್ಟು ಜನ ಹೊರಗೆ ಬಂದರು, ಎಷ್ಟು ಜನ ಆ ಎರಡನೇ ಉಪಕಲಮಿನಿಂದ ಒಳಗೇ ಉಳಿದರು ಎಂಬುದನ್ನು ಒಂದು ಜಿಲ್ಲೆಯ ಮಟ್ಟಿಗಾದರೂ ಕೂತು ಲೆಕ್ಕ ಹಾಕುವವರು ಬೇಕು. ಇಲಾಖೆಯವರಿಗೆ ಪುರುಸೊತ್ತಿಲ್ಲ, ವಕೀಲರಿಗೆ ತಮ್ಮ ಕಕ್ಷಿದಾರನ ಲೆಕ್ಕವಷ್ಟೇ ಬೇಕು.

ನೇರಳೆ

ಎಲ್ಲರಿಗೂ ಕೃತಜ್ಞತೆಗಳು. ಮೂರನೇ ಗೇಟು ಅವರು ಬರೆದದ್ದನ್ನು ಎರಡು ಸಲ ಓದಿದೆ. ಅದರಿಂದಲೇ ಒಂದು ಪ್ರಶ್ನೆ ಹುಟ್ಟಿದೆ. ಆ ಅಧ್ಯಾಪಕರು ಪತ್ರಿಕೆಗೆ ಕೊಡದೆ ಟಿಪ್ಪಣಿ ಬರೆದರು ಎಂದಿರಿ. ಬಕ್ಷಿ ಮತ್ತು ಸರ್ಕಾರ್ ಅವರು ಪತ್ರಿಕೆಯಲ್ಲಿ ಬಂದದ್ದನ್ನೇ ಹಿಡಿದು ಸುಪ್ರೀಂ ಕೋರ್ಟಿಗೆ ಹೋದರು. ಒಳಗೆ ಹೋಗುವ ಅನುಮತಿ ಉಳಿಯಬೇಕಾದರೆ ಕಂಡದ್ದನ್ನೆಲ್ಲ ಹೇಳುವಂತಿಲ್ಲ, ಕಂಡದ್ದನ್ನೆಲ್ಲ ಹೇಳಿದರೆ ಮುಂದಿನ ಶನಿವಾರ ಗೇಟು ತೆರೆಯುವುದಿಲ್ಲ. ಹೊಡೆತ, ಸಾವು, ಲಂಚದಂಥ ಸಂಗತಿಗಳು ವಿದ್ಯಾರ್ಥಿಗಳ ಕಿವಿಗೆ ಬಿದ್ದಾಗ ಅಧ್ಯಾಪಕರು ಏನು ಮಾಡಬೇಕು? ದಿನಾಂಕದ ತಪ್ಪನ್ನು ಟಿಪ್ಪಣಿಯಲ್ಲಿ ಬರೆಯಬಹುದು. ಬೆನ್ನ ಮೇಲಿನ ಬಾಸುಂಡೆಯನ್ನು?

ಹಳೆಯ ಮೇಷ್ಟ್ರು

ಇದು ಸರಿಯಾದ ಪ್ರಶ್ನೆ, ನನ್ನಲ್ಲಿ ನುಣುಪಾದ ಉತ್ತರವಿಲ್ಲ. ನಾನು ಪಾಲಿಸಿದ ಕ್ರಮವನ್ನಷ್ಟೇ ಹೇಳುತ್ತೇನೆ. ಬಾಸುಂಡೆ ಕಂಡ ದಿನವೇ ಅದು ನ್ಯಾಯಾಂಗದ ಕಣ್ಣಿಗೆ ಬೀಳಬೇಕು, ಅನುಮತಿ ಹೋದರೂ ಸರಿ. ಸುಪ್ರೀಂ ಕೋರ್ಟಿನಲ್ಲಿ ಸುನಿಲ್ ಬಾತ್ರಾ ಅವರ ಎರಡನೇ ಪ್ರಕರಣ ಶುರುವಾದದ್ದೇ ತಿಹಾರ್ ಜೈಲಿನಲ್ಲಿ ಸಹಬಂಧಿಯೊಬ್ಬನಿಗೆ ವಾರ್ಡರ್ ಕೊಟ್ಟ ಹಿಂಸೆಯನ್ನು ಬಾತ್ರಾ ಅವರು ಪತ್ರದಲ್ಲಿ ಬರೆದದ್ದರಿಂದ. ಮರಣದಂಡನೆಗೆ ಗುರಿಯಾಗಿದ್ದ ಕೈದಿಯೇ ಪಕ್ಕದವನಿಗಾಗಿ ಬರೆದಿರುವಾಗ, ಸಂಬಳ ಬರುವ ನಾವು ಅನುಮತಿಯ ನೆಪ ಹೇಳುವುದು ನಾಚಿಕೆಗೇಡು. ಆ ತೀರ್ಪಿನಲ್ಲಿಯೇ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶರು ಜೈಲಿಗೆ ಭೇಟಿಕೊಟ್ಟು ದೂರು ಕೇಳಬೇಕೆಂದು, ದೂರಿನ ಪೆಟ್ಟಿಗೆ ಇಡಬೇಕೆಂದು ಹೇಳಿದ್ದಾರೆ. ಆದ್ದರಿಂದ ಪತ್ರ ಮೊದಲು ಹೋಗಬೇಕಾದ ವಿಳಾಸ ಸೆಷನ್ಸ್ ನ್ಯಾಯಾಧೀಶರದ್ದು.

ಆದರೆ ಎರಡು ಎಚ್ಚರಿಕೆ ಇರಬೇಕು. ಹೇಳಿದವನ ಒಪ್ಪಿಗೆ ಇಲ್ಲದೆ ಅವನ ಹೆಸರು ಹೊರಗೆ ಬರಬಾರದು, ಏಕೆಂದರೆ ನೀವು ಸಂಜೆ ಐದಕ್ಕೆ ಹೊರಗೆ ಹೋಗುತ್ತೀರಿ, ಅವನು ಅಲ್ಲೇ ಇರುತ್ತಾನೆ. ಮತ್ತು ವಿದ್ಯಾರ್ಥಿಗಳ ಸಹಿ ಎಲ್ಲಿಯೂ ಇರಬಾರದು; ಸಹಿ ನಿಮ್ಮದು. ನನ್ನ ಅನುಮತಿ ಒಮ್ಮೆ ರದ್ದಾಗಿ ಹದಿನಾಲ್ಕು ತಿಂಗಳು ನಾನು ಹೊರಗಿದ್ದೆ. ಆ ಹದಿನಾಲ್ಕು ತಿಂಗಳಲ್ಲಿ ಕ್ಲಿನಿಕ್ಕಿಗೆ ಬರಬೇಕಿದ್ದವರಿಗೆ ಆದ ನಷ್ಟಕ್ಕೂ ನಾನೇ ಕಾರಣ ಎಂಬುದನ್ನು ನಾನು ಮರೆತಿಲ್ಲ. ಆದರೂ ಅದೇ ಪತ್ರವನ್ನು ಇಂದಾದರೂ ಬರೆಯುತ್ತಿದ್ದೆ.

ಕರಿಕೋಟು

ಮೇಷ್ಟ್ರೇ, ಲಾಹೋಟಿ ಅವರ ವಿಷಯದಲ್ಲಿ ನಾನು ಹೇಳಬಹುದಾದ್ದನ್ನು ನೀವೇ ಹೇಳಿ ನನ್ನ ಬಾಯಿ ಮುಚ್ಚಿಸಿದಿರಿ. ಪತ್ರದ ಕಾಲ ಮುಗಿಯಿತೆಂಬ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಪಹಣಿಯ ಮಾತನ್ನು ಬಿಡುವುದಿಲ್ಲ.

2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ಇವರಲ್ಲಿ ಜಾಮೀನು ಸಿಕ್ಕಿಯೂ ಒಳಗಿರುವವರನ್ನು ಹುಡುಕಲು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಒಂದು ಕ್ರಮ ಹಾಕಿಕೊಟ್ಟಿದೆ: ಜಾಮೀನು ಆದೇಶ ಇಮೇಲ್‌ನಲ್ಲಿ ಜೈಲಿಗೆ ಹೋಗಬೇಕು, ಏಳು ದಿನದೊಳಗೆ ವ್ಯಕ್ತಿ ಬಿಡುಗಡೆಯಾಗದಿದ್ದರೆ ಸೂಪರಿಂಟೆಂಡೆಂಟರು ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು, ಒಂದು ತಿಂಗಳಾದರೂ ಜಾಮೀನು ಒದಗಿಸಲಾಗದಿದ್ದರೆ ನ್ಯಾಯಾಲಯ ತಾನಾಗಿಯೇ ಷರತ್ತನ್ನು ಸಡಿಲಿಸುವ ಬಗ್ಗೆ ಯೋಚಿಸಬಹುದು. ಬಡ ಕೈದಿಗಳ ಜಾಮೀನಿಗೆ, ಆರಂಭದಲ್ಲಿ ನಲವತ್ತು ಸಾವಿರ ರೂಪಾಯಿಯವರೆಗೆ, ನೆರವಾಗುವ ಕೇಂದ್ರದ ಯೋಜನೆಯೂ ಅದೇ ವರ್ಷ ಬಂದಿದೆ. ಏಳನೇ ದಿನದ ಆ ಪತ್ರ ನಮ್ಮ ಜಿಲ್ಲೆಯಲ್ಲಿ ಹೊತ್ತಿಗೆ ಸರಿಯಾಗಿ ಬಂದದ್ದು ನನಗೆ ನೆನಪಿಲ್ಲ. ನೇರಳೆ ಮೇಡಂ ಹುದ್ದೆಗೆ ಸೇರುವುದಾದರೆ, ಎಂಟನೇ ದಿನ ಕೂತಿರುವವರ ಪಟ್ಟಿಯನ್ನು ವಿದ್ಯಾರ್ಥಿಗಳಿಂದ ಪ್ರತಿ ಹದಿನೈದು ದಿನಕ್ಕೊಮ್ಮೆ ಮಾಡಿಸಿ ನಮ್ಮಂಥವರ ಕೈಗೆ ಕೊಡಲಿ. ಪಟ್ಟಿ ಸಿಕ್ಕಿದರೆ ಅರ್ಜಿ ಹಾಕುವುದಕ್ಕೆ ನನಗೆ ಅರ್ಧ ದಿನ ಸಾಕು. ಇಲ್ಲಿಯವರೆಗೆ ನನಗೆ ಆ ಪಟ್ಟಿಯನ್ನು ಕೊಟ್ಟವರಿಲ್ಲ.

ನೇರಳೆ

ಹುದ್ದೆ ಒಪ್ಪಿಕೊಳ್ಳುತ್ತಿದ್ದೇನೆ. ಸೀನಿಯರ್ ಅವರಿಗೆ ಇಂದು ಬೆಳಿಗ್ಗೆ ತಿಳಿಸಿದೆ; ಸ್ವಲ್ಪ ಹೊತ್ತು ಸುಮ್ಮನಿದ್ದು, ನಿನ್ನ ಹುಡುಗರು ಮಾಡುವ ಪಟ್ಟಿಯನ್ನು ನನಗೂ ಒಂದು ಪ್ರತಿ ಕಳಿಸು ಎಂದರು. ಮೂರನೇ ಗೇಟು ಅವರಲ್ಲಿ ಒಂದು ವಿನಂತಿ: ಆ ಅಧ್ಯಾಪಕರು ದಿನಾಂಕ ಬರೆದುಕೊಳ್ಳುತ್ತಿದ್ದ ಹಾಳೆಯಲ್ಲಿ ಯಾವ ಯಾವ ಅಂಕಣಗಳಿದ್ದವು ಎಂಬುದು ತಮಗೆ ನೆನಪಿದ್ದರೆ ಇಲ್ಲಿ ಬರೆಯಿರಿ. ಉಪ ಕಾರಾಗೃಹದಿಂದ ವರ್ಗವಾಗಿ ಬಂದ ದಿನಕ್ಕೆ ಬೇರೆಯೇ ಒಂದು ಅಂಕಣ ಮಾಡಿಕೊಳ್ಳುತ್ತೇನೆ.